ಒಳಗೊಂದು ಹೊರಗೊಂದು ಆಗದ ಹಾಗೆ ಕ್ರಿಸ್ತನನ್ನು ಹಿಂಬಾಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ವಿಶ್ವಾಸದಲ್ಲಿ ಬದುಕುವುದು ಬೇರೆ, ವಿಶ್ವಾಸಿಯ ಹಾಗೆ ಕಾಣಿಸಿಕೊಳ್ಳುವುದು ಬೇರೆ. ನಾನು ಎರಡನ್ನೂ ಮಾಡಿದ್ದೇನೆ. ಆರಾಧನೆ ಮುಗಿದು ಎಲ್ಲರೂ ಹೊರಟ ಮೇಲೆ ಒಬ್ಬಿಬ್ಬರು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುವ ಪ್ರಶ್ನೆಗಳು ಇವು. ಕೆಲವನ್ನು ನಾನೇ ರಾತ್ರಿ ನಿದ್ದೆ ಬಾರದೆ ಕೇಳಿಕೊಂಡಿದ್ದೇನೆ. ನನಗೆ ತಿಳಿದಷ್ಟು, ಬೈಬಲಿನಲ್ಲಿ ಕಂಡಷ್ಟು ಇಲ್ಲಿ ಬರೆದಿದ್ದೇನೆ.

ಬೈಬಲ್ ಯಾರನ್ನು "ಕಪಟಿ" ಅನ್ನುತ್ತದೆ?

ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಇರುವ ಪದ "ಹುಪೊಕ್ರಿತೇಸ್". ಆ ಕಾಲದವರ ಮಾತಿನಲ್ಲಿ ಅದಕ್ಕೆ ನಾಟಕದ ಪಾತ್ರಧಾರಿ ಅಂತ ಅರ್ಥ. ಗ್ರೀಕ್ ನಾಟಕದ ನಟರು ಮುಖವಾಡ ಹಾಕಿಕೊಂಡು ರಂಗಕ್ಕೆ ಬರುತ್ತಿದ್ದರು. ಮುಖವಾಡ ಬದಲಿಸಿ ಒಬ್ಬನೇ ಎರಡು ಮೂರು ಪಾತ್ರ ಮಾಡುತ್ತಿದ್ದ. ರಂಗದ ಮೇಲೆ ಅದು ತಪ್ಪಲ್ಲ. ಪ್ರಾರ್ಥನೆಗೆ ಮೊಣಕಾಲೂರಿದಾಗಲೂ ಮುಖವಾಡ ತೆಗೆಯದಿದ್ದರೆ ಕಷ್ಟ.

ಮತ್ತಾಯ 6ನೇ ಅಧ್ಯಾಯ ತೆಗೆದು ನೋಡಿ. ದಾನ, ಪ್ರಾರ್ಥನೆ, ಉಪವಾಸ. ಮೂರೂ ಒಳ್ಳೆಯ ಕೆಲಸಗಳೇ. ಯೇಸುಸ್ವಾಮಿ ಇವುಗಳಲ್ಲಿ ಯಾವುದನ್ನೂ ಬಿಡಿ ಅನ್ನಲಿಲ್ಲ. ಜನ ನೋಡಲಿ ಅಂತ ಮಾಡಬೇಡಿ ಅಂದರು. ಮೂರು ಕಡೆಯೂ ಅದೇ ಮಾತು ಬರುತ್ತದೆ: ಹಾಗೆ ಮಾಡುವವರು ತಮಗೆ ಬರಬೇಕಾದದ್ದನ್ನು ಆಗಲೇ ಪಡೆದಾಯಿತು. ಅಲ್ಲಿ ಇರುವ ಗ್ರೀಕ್ ಕ್ರಿಯಾಪದವನ್ನು ಆ ಕಾಲದ ಜನ ರಸೀದಿಗಳಲ್ಲಿ ಬರೆಯುತ್ತಿದ್ದರು. ನಮ್ಮ ಮಾತಿನಲ್ಲಿ ಹೇಳುವುದಾದರೆ "ಲೆಕ್ಕ ಚುಕ್ತಾ". ಮೆಚ್ಚುಗೆ ಬೇಕಿತ್ತು, ಸಿಕ್ಕಿತು. ದೇವರ ಹತ್ತಿರ ಬಾಕಿ ಏನೂ ಇಲ್ಲ. ಈ ವಾಕ್ಯ ಓದಿದಾಗಲೆಲ್ಲ ನನಗೆ ಭಯ ಆಗುತ್ತದೆ. ಚೆನ್ನಾಗಿ ಪ್ರಾರ್ಥನೆ ಮಾಡಿದಿರಿ ಅಂತ ಯಾರೋ ಹೊಗಳಿದ ದಿನ ನಾನೂ ಆ ರಸೀದಿ ತೆಗೆದುಕೊಂಡೇ ಮನೆಗೆ ಹೋಗಿದ್ದೇನೆ.

ನಾನು ನಟಿಸುತ್ತಿದ್ದೇನೆ ಅಂತ ನನಗೆ ಹೇಗೆ ಗೊತ್ತಾಗುತ್ತದೆ?

ನನಗೆ ಹೇಗೆ ಗೊತ್ತಾಯಿತು ಅಂತ ಹೇಳುತ್ತೇನೆ. ಗುಂಪಿನಲ್ಲಿ ಪ್ರಾರ್ಥಿಸಲು ಹೇಳಿದರೆ ನನಗೆ ಮಾತು ಸರಾಗವಾಗಿ ಬರುತ್ತಿತ್ತು. ಹತ್ತು ನಿಮಿಷ, ಹದಿನೈದು ನಿಮಿಷ. ದನಿ ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಅನ್ನುವುದೂ ಗೊತ್ತಿತ್ತು. ಒಂದು ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಮಂಚದ ಪಕ್ಕ ಮೊಣಕಾಲೂರಿದೆ. "ತಂದೆಯೇ" ಅಂದೆ. ಮುಂದಕ್ಕೆ ಒಂದು ಮಾತೂ ಹೊರಡಲಿಲ್ಲ. ಗಡಿಯಾರದ ಮುಳ್ಳಿನ ಸದ್ದು ಕೇಳುತ್ತಿತ್ತು. ಎರಡು ನಿಮಿಷಕ್ಕೆ ಮೊಣಕಾಲು ನೋಯಲು ಶುರುವಾಯಿತು, ಎದ್ದುಬಿಟ್ಟೆ. ಕೇಳುವವರು ಇಲ್ಲದಿದ್ದರೆ ನನ್ನ ಹತ್ತಿರ ಪ್ರಾರ್ಥನೆಯೇ ಇರಲಿಲ್ಲ.

ಯೇಸುಸ್ವಾಮಿ "ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚು" ಅಂದದ್ದು ಇದಕ್ಕೇ ಇರಬೇಕು. ಅಲ್ಲಿ ಕೋಣೆಗೆ ಬಳಸಿರುವ ಗ್ರೀಕ್ ಪದಕ್ಕೆ ಉಗ್ರಾಣ ಅನ್ನುವ ಅರ್ಥವೂ ಇದೆ. ಮನೆಯ ಒಳಗಿನ, ಸಾಮಾನು ಇಡುವ, ಹೊರಗಿನವರು ಕಾಲಿಡದ ಜಾಗ.

ಇನ್ನು ಕೆಲವು ಗುರುತುಗಳಿವೆ. ಮಾಡಿದ ಸಹಾಯವನ್ನು ಯಾರೂ ಗಮನಿಸದಿದ್ದರೆ ಬೇಜಾರಾಗುವುದು. ಬೇರೆಯವರ ಸಾಕ್ಷಿ (ದೇವರು ತಮ್ಮ ಬದುಕಿನಲ್ಲಿ ಮಾಡಿದ್ದನ್ನು ಸಭೆಯಲ್ಲಿ ಹೇಳುವುದು) ಕೇಳುವಾಗ ನನ್ನದನ್ನು ಹೇಗೆ ಹೇಳಲಿ ಅಂತ ಮನಸ್ಸಿನಲ್ಲೇ ಜೋಡಿಸಿಕೊಳ್ಳುವುದು. ತಪ್ಪು ಮಾಡಿದ್ದಕ್ಕಿಂತ ಅದು ಗೊತ್ತಾಗಿಬಿಟ್ಟರೆ ಅನ್ನುವುದಕ್ಕೇ ಜಾಸ್ತಿ ಹೆದರುವುದು. ಇವುಗಳಲ್ಲಿ ಒಂದೆರಡು ನಿಮ್ಮಲ್ಲೂ ಇದ್ದರೆ ಗಾಬರಿಯಾಗಬೇಡಿ. ಪೂರ್ತಿ ಮುಳುಗಿದವರಿಗೆ ಈ ಪ್ರಶ್ನೆಯೇ ಬರುವುದಿಲ್ಲ.

ಮನಸ್ಸಿಲ್ಲದಿದ್ದರೂ ಪ್ರಾರ್ಥನೆ ಮಾಡುತ್ತೇನೆ, ಚರ್ಚಿಗೆ ಹೋಗುತ್ತೇನೆ. ಇದು ನಟನೆ ಅಲ್ವಾ?

ಅಲ್ಲ. ಹೆಚ್ಚು ಜನ ಎಡವುವುದು ಇಲ್ಲೇ. ಮನಸ್ಸಿಗೆ ಬಂದಾಗ ಮಾತ್ರ ಮಾಡಿದರೆ ಅದು ನಿಜ, ಮನಸ್ಸಿಲ್ಲದೆ ಮಾಡಿದರೆ ಸುಳ್ಳು ಅಂತ ನಾವು ಅಂದುಕೊಂಡುಬಿಡುತ್ತೇವೆ. ಮಗು ರಾತ್ರಿ ಎರಡು ಗಂಟೆಗೆ ಅತ್ತಾಗ ಯಾವ ತಾಯಿಗೂ ಏಳುವ ಮನಸ್ಸಿರುವುದಿಲ್ಲ. ಆದರೂ ಏಳುತ್ತಾಳೆ. ಅದನ್ನು ನಟನೆ ಅಂತ ಯಾರಾದರೂ ಅನ್ನುತ್ತಾರಾ?

ಮತ್ತಾಯ 21ರಲ್ಲಿ ಒಬ್ಬ ತಂದೆ ಇಬ್ಬರು ಮಕ್ಕಳನ್ನು ದ್ರಾಕ್ಷಿತೋಟದ ಕೆಲಸಕ್ಕೆ ಹೋಗಿ ಅನ್ನುತ್ತಾನೆ. ಒಬ್ಬ ಹೋಗಲ್ಲ ಅಂದ, ಆಮೇಲೆ ಮನಸ್ಸು ಬದಲಿಸಿ ಹೋದ. ಇನ್ನೊಬ್ಬ "ಹೋಗುತ್ತೇನಪ್ಪಾ" ಅಂದ, ಹೋಗಲಿಲ್ಲ. ತಂದೆಯ ಇಷ್ಟದ ಹಾಗೆ ನಡೆದವನು ಯಾರು ಅಂತ ಯೇಸುಸ್ವಾಮಿ ಕೇಳುತ್ತಾರೆ. ಮೊದಲನೆಯವನಿಗೆ ಉತ್ಸಾಹ ಇರಲಿಲ್ಲ. ಹೋದ, ಅಷ್ಟೇ.

ಮದರ್ ತೆರೇಸಾ ತೀರಿಕೊಂಡದ್ದು 1997ರಲ್ಲಿ. ಅವರು ತಮ್ಮ ಗುರುಗಳಿಗೆ ಗುಟ್ಟಾಗಿ ಬರೆದ ಪತ್ರಗಳು 2007ರಲ್ಲಿ ಹೊರಬಂದವು. ಹತ್ತಾರು ವರ್ಷ ಅವರಿಗೆ ದೇವರು ಹತ್ತಿರ ಇದ್ದಾರೆ ಅನ್ನುವ ಅನುಭವವೇ ಇರಲಿಲ್ಲ ಅಂತ ಆಗ ಲೋಕಕ್ಕೆ ಗೊತ್ತಾಯಿತು. ಹಾಗಾದರೆ ಇವರದ್ದೂ ನಾಟಕವೇ ಅಂತ ಕೆಲವರು ಕೇಳಿದರು. ನನಗೆ ಹಾಗನ್ನಿಸುವುದಿಲ್ಲ. ಒಳಗೆ ಏನೂ ಅನ್ನಿಸದೆ ಇದ್ದಾಗಲೂ ಸಾಯುತ್ತಿರುವವರ ಮೈ ಒರೆಸಲು ದಿನಾ ಹೋಗುತ್ತಿದ್ದರು, ಒಳಗಿನ ಕತ್ತಲನ್ನು ಹೇಳಬೇಕಾದವರಿಗೆ ಮುಚ್ಚಿಡದೆ ಹೇಳಿದ್ದರು.

ಹಾಗಾಗಿ ಮನಸ್ಸಿಲ್ಲದ ದಿನ ಹೋಗಿ. "ಇವತ್ತು ನನಗೆ ಮನಸ್ಸಿಲ್ಲ ಕರ್ತನೇ, ಆದರೂ ಬಂದಿದ್ದೇನೆ" ಅನ್ನಿ. ಉಕ್ಕಿ ಹರಿಯುವ ಆನಂದ ಇದ್ದ ಹಾಗೆ ಮುಖ ಮಾಡಿಕೊಳ್ಳಬೇಡಿ, ಸಾಕು.

"ನಿಮ್ಮ ಬೆಳಕು ಜನರ ಮುಂದೆ ಬೆಳಗಲಿ" ಅಂತ ಒಂದು ಕಡೆ, "ಎಡಗೈಗೂ ತಿಳಿಯದಿರಲಿ" ಅಂತ ಇನ್ನೊಂದು ಕಡೆ. ಯಾವುದನ್ನು ಕೇಳಬೇಕು?

ಎರಡೂ ಬೆಟ್ಟದ ಪ್ರಸಂಗದಲ್ಲೇ ಇವೆ, ಮತ್ತಾಯ 5:16 ಮತ್ತು 6:3. ಮೊದಲನೆಯದರ ಕೊನೆ ಓದಿ: ಜನ ನೋಡಿ ಪರಲೋಕದ ತಂದೆಯನ್ನು ಕೊಂಡಾಡಲಿ ಅಂತ ಇದೆ. ದೀಪ ಹಚ್ಚಿದರೆ ಜನ ದಾರಿ ನೋಡುತ್ತಾರೆ, ದೀಪವನ್ನು ದಿಟ್ಟಿಸುತ್ತಾ ಕೂರುವುದಿಲ್ಲ. ನಾನು ಇಟ್ಟುಕೊಂಡಿರುವ ಒಂದು ರೂಢಿ ಇದೆ: ತೋರಿಸಿಕೊಳ್ಳುವ ಆಸೆ ಬಂದಾಗ ಗುಟ್ಟಾಗಿ ಮಾಡುತ್ತೇನೆ, ನಾಚಿಕೆಯಿಂದ ಮುಚ್ಚಿಡಬೇಕು ಅನ್ನಿಸಿದಾಗ ಎಲ್ಲರೆದುರು ಮಾಡುತ್ತೇನೆ.

ನನಗೆ ಸಂದೇಹಗಳಿವೆ. ಹೇಳಿದರೆ ವಿಶ್ವಾಸ ಇಲ್ಲದವಳು ಅಂದುಕೊಳ್ಳುತ್ತಾರೆ. ಸುಮ್ನೆ ಇರಲಾ?

ದೇವರ ಹತ್ತಿರ ಸುಮ್ಮನಿರಬೇಡಿ. ಮಾರ್ಕ 9ರಲ್ಲಿ ಮಗನ ಕಾಯಿಲೆಗೆ ಸೋತು ಹೋದ ಒಬ್ಬ ತಂದೆ ಇದ್ದಾನೆ. ಅವನ ಪ್ರಾರ್ಥನೆ ಒಂದೇ ಸಾಲು: ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು. ಅರ್ಧ ನಂಬಿಕೆ, ಅರ್ಧ ಸಂದೇಹ, ಎರಡನ್ನೂ ಒಂದೇ ಉಸಿರಿನಲ್ಲಿ ಮುಂದಿಟ್ಟ. ಯೇಸುಸ್ವಾಮಿ ಅವನನ್ನು ಬೈಯಲಿಲ್ಲ. ಮಗನನ್ನು ವಾಸಿ ಮಾಡಿದರು.

ಕೀರ್ತನೆಗಳನ್ನೂ ಓದಿ. 150ರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಅಳಲು, ದೂರು, "ಎಷ್ಟು ಕಾಲ ಕರ್ತನೇ" ಅನ್ನುವ ಕೂಗು. 88ನೇ ಕೀರ್ತನೆ ಮುಗಿಯುವುದೂ ಕತ್ತಲಲ್ಲೇ. ಬೆಳಕಿನ ಒಂದು ಸಾಲನ್ನು ಕೊನೆಗೆ ಸೇರಿಸೋಣ ಅಂತ ಯಾರೂ ಹೋಗಲಿಲ್ಲ. ಅದು ಹಾಗೇ ಪವಿತ್ರ ಗ್ರಂಥದಲ್ಲಿ ಉಳಿದಿದೆ. ನಾವು ಮಾತ್ರ ಸಭೆಯಲ್ಲಿ "ಚೆನ್ನಾಗಿದ್ದೀನಿ, ಸ್ತೋತ್ರ" ಅಂತ ಮುಗಿಸಿಬಿಡುತ್ತೇವೆ.

ಮನುಷ್ಯರ ವಿಷಯದಲ್ಲಿ ಆಯ್ದು ಹೇಳಿ. ಕೇಳಿದ ತಕ್ಷಣ ಉಪದೇಶಕ್ಕೆ ಇಳಿಯದ ಒಬ್ಬರನ್ನು ಹುಡುಕಿ.

ಅದೇ ಪಾಪಕ್ಕೆ ಮತ್ತೆ ಮತ್ತೆ ಬೀಳುತ್ತೇನೆ. ನಾನು ಕಪಟಿಯೇ?

ಬೀಳುವುದಕ್ಕೂ ಬಿದ್ದಿಲ್ಲ ಅಂತ ತೋರಿಸುವುದಕ್ಕೂ ತುಂಬಾ ವ್ಯತ್ಯಾಸ ಇದೆ. ರೋಮಾಪುರದವರಿಗೆ ಬರೆದ ಪತ್ರದ 7ನೇ ಅಧ್ಯಾಯದಲ್ಲಿ ಪೌಲ, ನಾನು ಮಾಡಬೇಕೆನ್ನುವ ಒಳ್ಳೆಯದನ್ನು ಮಾಡುವುದಿಲ್ಲ, ಬೇಡವೆನ್ನುವ ಕೆಟ್ಟದ್ದನ್ನೇ ಮಾಡುತ್ತೇನೆ ಅಂತ ಬರೆಯುತ್ತಾನೆ. ಇದನ್ನು ಬಿದ್ದವರ ಮಾತು ಅನ್ನಿ, ಕಪಟಿಯ ಮಾತು ಅನ್ನಲಾಗದು. ಕಪಟಿ ಇಂಥ ಪತ್ರ ಬರೆಯುವುದೇ ಇಲ್ಲ.

ಹೊಲ ಮಾರಿದ ಹಣವನ್ನು ಸಭೆಗೆ ತಂದ ಗಂಡ ಹೆಂಡತಿ ಅನನೀಯ ಮತ್ತು ಸಪ್ಫೈರರ ಕಥೆಯನ್ನು (ಅಪೊಸ್ತಲರ ಕೃತ್ಯಗಳು 5) ನಾವು ಅವಸರದಲ್ಲಿ ಓದಿ, ದುಡ್ಡು ಪೂರ್ತಿ ಕೊಡದ್ದಕ್ಕೆ ಶಿಕ್ಷೆ ಆಯಿತು ಅಂದುಕೊಳ್ಳುತ್ತೇವೆ. ಪೇತ್ರ ಹೇಳಿದ್ದು ಬೇರೆ. ಹೊಲ ನಿನ್ನದೇ ಆಗಿತ್ತಲ್ಲ, ಮಾರಿದ ಮೇಲೂ ಹಣ ನಿನ್ನ ಕೈಯಲ್ಲೇ ಇತ್ತಲ್ಲ ಅಂತ ಕೇಳುತ್ತಾನೆ. ಅರ್ಧ ಕೊಟ್ಟಿದ್ದರೆ ಅರ್ಧ ಕೊಟ್ಟೆ ಅನ್ನಬಹುದಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ. ಒಂದಷ್ಟು ಇಟ್ಟುಕೊಂಡು ಪೂರ್ತಿ ಕೊಟ್ಟವರ ಹೆಸರು ಬೇಕಿತ್ತು, ಕೆಟ್ಟದ್ದು ಅಲ್ಲೇ.

ಪೇತ್ರನೇ ಆಮೇಲೆ ಅಂತಿಯೋಕ್ಯದಲ್ಲಿ ಎಡವಿದ. ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಕೂತು ಊಟ ಮಾಡುತ್ತಿದ್ದವನು, ಯೆರೂಸಲೇಮಿನಿಂದ ಕೆಲವರು ಬಂದ ಕೂಡಲೇ ಹಿಂದೆ ಸರಿದ. ಜನ ಏನಂದಾರು ಅನ್ನುವ ಹೆದರಿಕೆ. ಗಲಾತ್ಯ 2ರಲ್ಲಿ ಪೌಲ ಇದಕ್ಕೆ ಬಳಸುವ ಪದ ಅದೇ, ಕಪಟ. ಬಾರ್ನಬನೂ ಅದರ ಸೆಳೆತಕ್ಕೆ ಸಿಕ್ಕಿಬಿದ್ದ. ಇದು ಓದಿದಾಗ ನನಗೆ ಎರಡು ವಿಷಯ ಅನ್ನಿಸುತ್ತದೆ. ಅಪೊಸ್ತಲನಿಗೂ ಇದು ತಪ್ಪಿದ್ದಲ್ಲ. ಮತ್ತೆ, ಎಲ್ಲರೆದುರು ಮುಖಕ್ಕೆ ಹೇಳಿಸಿಕೊಂಡ ಮೇಲೂ ಪೇತ್ರ ಪೇತ್ರನಾಗಿಯೇ ಉಳಿದ. ಅವನ ಕೆಲಸ ಅಲ್ಲಿಗೆ ಮುಗಿಯಲಿಲ್ಲ.

ಬದಲಾವಣೆ ಎಷ್ಟು ನಿಧಾನ ಅನ್ನುವುದಕ್ಕೆ "ಅಮೇಜಿಂಗ್ ಗ್ರೇಸ್" ಹಾಡು ಬರೆದ ಜಾನ್ ನ್ಯೂಟನ್ ನೆನಪಾಗುತ್ತಾರೆ. 1748ರಲ್ಲಿ ಸಮುದ್ರದ ಬಿರುಗಾಳಿಯಲ್ಲಿ ದೇವರನ್ನು ಕೂಗಿದರು. ಅದನ್ನೇ ತಮ್ಮ ಹೊಸ ಬದುಕಿನ ಶುರು ಅಂತ ಎಣಿಸಿದರು. ಅದರ ನಂತರವೂ 1754ರವರೆಗೆ ಗುಲಾಮರನ್ನು ಸಾಗಿಸುವ ಹಡಗುಗಳಲ್ಲೇ ಇದ್ದರು, ಕಪ್ತಾನನೂ ಆದರು. ಬಿಟ್ಟದ್ದೂ ಆರೋಗ್ಯ ಕೆಟ್ಟಿದ್ದರಿಂದ. ಆಮೇಲೆ ಪಾದ್ರಿಯಾದರು, ಹಾಡು ಬರೆದರು. ಆ ವ್ಯಾಪಾರ ಎಷ್ಟು ಘೋರ, ತಾನು ಅದರಲ್ಲಿ ಏನೇನು ಮಾಡಿದೆ ಅಂತ ಬಹಿರಂಗವಾಗಿ ಬರೆದದ್ದು 1788ರಲ್ಲಿ. ಬಿರುಗಾಳಿಯಿಂದ ಎಣಿಸಿದರೆ 40 ವರ್ಷ! ಆ 40 ವರ್ಷ ಸರಿ ಅಂತ ನಾನು ಹೇಳುತ್ತಿಲ್ಲ. ಅಷ್ಟೂ ದಿನ ಹಡಗಿನ ತಳದಲ್ಲಿ ಸರಪಳಿಯಲ್ಲಿ ಇದ್ದವರು ಮನುಷ್ಯರು. ಆದರೆ ಕೊನೆಗೆ ಹೆಸರು ಹೋದರೂ ಪರವಾಗಿಲ್ಲ ಅಂತ ನಿಜ ಹೇಳಿದರು. ನಾವು ಇನ್ನೂ ಒಪ್ಪಿಕೊಳ್ಳದೆ ಇರುವುದು ಏನೇನಿದೆಯೋ ಅಂತ ಯೋಚಿಸುವ ಹಾಗೆ ಆಗುತ್ತದೆ, ಅಲ್ವಾ?

ಹೇಗಿದ್ದರೂ ಕ್ಷಮಿಸುತ್ತಾರೆ ಅಂದಮೇಲೆ ಯಾಕೆ ಬದಲಾಗಬೇಕು?

ಜರ್ಮನಿಯ ಪಾಸ್ಟರ್ ಡೀಟ್ರಿಚ್ ಬಾನ್‌ಹಾಫರ್ 1937ರಲ್ಲಿ ಇದಕ್ಕೆ "ಅಗ್ಗದ ಕೃಪೆ" ಅನ್ನುವ ಹೆಸರಿಟ್ಟರು. ಪಶ್ಚಾತ್ತಾಪ ಇಲ್ಲದ ಕ್ಷಮೆ, ಶಿಲುಬೆ ಇಲ್ಲದ ಕೃಪೆ. ಅವರ ಸುತ್ತಲಿನ ಚರ್ಚುಗಳಲ್ಲಿ ಎಷ್ಟೋ ಜನ ಭಾನುವಾರ ಹಾಡುತ್ತಾ ವಾರವೆಲ್ಲ ಹಿಟ್ಲರನಿಗೆ ತಲೆಬಾಗುತ್ತಿದ್ದ ಕಾಲ ಅದು. ಅವರು ತಲೆಬಾಗಲಿಲ್ಲ. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಿದರು.

ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನನ್ನು ನೋಡಿ (ಲೂಕ 19). "ಮೊದಲು ಬದಲಾಗು, ಆಮೇಲೆ ನಿನ್ನ ಮನೆಗೆ ಬರುತ್ತೇನೆ" ಅಂತ ಯೇಸುಸ್ವಾಮಿ ಹೇಳಲಿಲ್ಲ. ಮರದ ಮೇಲಿದ್ದವನನ್ನು ಹೆಸರು ಹಿಡಿದು ಕರೆದು, ಇವತ್ತು ನಿನ್ನ ಮನೆಯಲ್ಲೇ ಇಳಿದುಕೊಳ್ಳಬೇಕು ಅಂದರು. ಅವನನ್ನು ಎಲ್ಲರೂ ಪಾಪಿ ಅನ್ನುತ್ತಿದ್ದರು, ಮೊದಲ ಸಲ ಯಾರೋ ಮನೆಗೆ ಬರುತ್ತೇನೆ ಅಂದರು. ಅದಾದ ಮೇಲೆ ಅವನ ಬಾಯಿಂದ ಲೆಕ್ಕ ಹೊರಟಿತು: ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್. ಯಾರೂ ಕೇಳದೆ ಹೇಳಿದ ಲೆಕ್ಕ ಅದು. ಬರೀ "ಕ್ಷಮಿಸು ಕರ್ತನೇ" ಅಂದು ಮೋಸದ ದುಡ್ಡನ್ನು ಇಟ್ಟುಕೊಂಡಿದ್ದರೆ ಈ ಕಥೆಯನ್ನು ಲೂಕ ಬರೆಯುತ್ತಿದ್ದನೋ ಇಲ್ಲವೋ.

ಮುಖವಾಡ ಹಾಕಿಕೊಳ್ಳುವುದು ತಿರಸ್ಕಾರದ ಭಯಕ್ಕೆ. ನಾವು ಇರುವ ಹಾಗೆಯೇ ದೇವರು ಒಪ್ಪಿಕೊಂಡಿದ್ದಾರೆ ಅಂತ ಒಳಗಿನಿಂದ ನಂಬಿಕೆ ಬಂದರೆ ಅದರ ಅಗತ್ಯ ಮೆಲ್ಲಮೆಲ್ಲಗೆ ಕಡಿಮೆಯಾಗುತ್ತದೆ. ನಾನು ತುಂಬಾ ವರ್ಷ ಉಲ್ಟಾ ಮಾಡಿದೆ. ಇನ್ನೂ ಜಾಸ್ತಿ ಉಪವಾಸ, ಇನ್ನೂ ಜಾಸ್ತಿ ಸೇವೆ ಮಾಡಿದರೆ ಒಳಗಿನ ಸುಳ್ಳು ಸರಿಹೋಗುತ್ತದೆ ಅಂದುಕೊಂಡೆ. ಮುಖವಾಡ ಇನ್ನಷ್ಟು ದಪ್ಪವಾಯಿತು. ಸರಿಹೋಗಲು ಶುರುವಾದದ್ದು ಒಬ್ಬರ ಮುಂದೆ ನಿಜ ಹೇಳಿದ ದಿನ.

ಹಾಗಾದರೆ ತಪ್ಪುಗಳನ್ನು ಎಲ್ಲರೆದುರು ಹೇಳಿಕೊಳ್ಳಬೇಕಾ?

ಬೇಡ. ಅದೂ ಒಂದು ಬಗೆಯ ಪ್ರದರ್ಶನ ಆಗಿಬಿಡಬಹುದು. ಎಲ್ಲರನ್ನೂ ಅಳಿಸುವ ಸಾಕ್ಷಿ ಹೇಳಿ ಕೂತವರಿಗೆ ಒಳಗೆ ಎಂಥ ತೃಪ್ತಿ ಇರುತ್ತದೆ ಅಂತ ನನಗೆ ಗೊತ್ತು.

ಯಾಕೋಬ 5:16 ಒಬ್ಬರಿಗೊಬ್ಬರು ಪಾಪ ಒಪ್ಪಿಕೊಳ್ಳಿ, ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಿ ಅನ್ನುತ್ತದೆ. ಕಥೋಲಿಕರಲ್ಲಿ ಇದಕ್ಕೆ ಗುರುಗಳ ಬಳಿ ಪಾಪನಿವೇದನೆ ಇದೆ, ಅಲ್ಲಿ ಕೇಳಿದ್ದನ್ನು ಗುರುಗಳು ಯಾರಿಗೂ ಹೇಳುವಂತಿಲ್ಲ. ಮೆಥೊಡಿಸ್ಟ್ ಪಂಗಡ ಶುರು ಮಾಡಿದ ಜಾನ್ ವೆಸ್ಲಿ 1738ರಲ್ಲಿ ಸಣ್ಣ ಗುಂಪುಗಳಿಗೆ ನಿಯಮ ಬರೆದರು. ಈ ವಚನವೇ ಅವುಗಳಿಗೆ ಆಧಾರ. ವಾರಕ್ಕೊಮ್ಮೆ ಸೇರಬೇಕು. ಹೋದ ಸಲ ಸೇರಿದ ಮೇಲೆ ಗೊತ್ತಿದ್ದೂ ಯಾವ ಪಾಪ ಮಾಡಿದಿರಿ, ಯಾವ ಶೋಧನೆ (ಪಾಪದ ಸೆಳೆತ) ಎದುರಾಯಿತು, ಅದರಿಂದ ಹೇಗೆ ಬಿಡಿಸಿಕೊಂಡಿರಿ ಅಂತ ಕೇಳಬೇಕು. ಸೇರುವ ಮುಂಚೆಯೇ "ನಿಮ್ಮ ತಪ್ಪುಗಳನ್ನು ನಿಮಗೆ ಹೇಳಬೇಕೆಂಬ ಆಸೆ ಇದೆಯಾ" ಅಂತಲೂ ಕೇಳುತ್ತಿದ್ದರು. ಹೌದು ಅನ್ನಲು ಧೈರ್ಯ ಬೇಕು.

ನಿಮಗೆ ಒಬ್ಬರು ಸಾಕು. ಗುಟ್ಟು ಕಾಪಾಡುವವರು, ತಮ್ಮ ತಪ್ಪನ್ನೂ ನಿಮ್ಮ ಮುಂದೆ ಹೇಳುವವರು. ನಿಮ್ಮ ಮಾತನ್ನು "ಪ್ರಾರ್ಥನಾ ವಿಷಯ" ಅಂತ ಹೇಳಿ ನಾಲ್ಕು ಜನಕ್ಕೆ ದಾಟಿಸುವವರ ಹತ್ತಿರ ಹೋಗಬೇಡಿ. ನಾನು ಒಮ್ಮೆ ಹೋಗಿದ್ದೆ. ಆಮೇಲೆ ಎರಡು ವರ್ಷ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

"ನಿಮಗೋಸ್ಕರ ಪ್ರಾರ್ಥಿಸ್ತೀನಿ" ಅಂತ ಹೇಳಿ ಮರೆತುಬಿಡುತ್ತೇನೆ. ಏನು ಮಾಡಲಿ?

ಅಲ್ಲೇ, ಆಗಲೇ ಪ್ರಾರ್ಥಿಸಿ. ಎರಡು ವಾಕ್ಯ ಸಾಕು. ಫೋನಿನಲ್ಲಿ ಇದ್ದರೆ ಫೋನಿನಲ್ಲೇ. ಆಗದಿದ್ದರೆ ಆ ಮಾತು ಹೇಳಬೇಡಿ, "ಕೇಳಿ ಬೇಜಾರಾಯಿತು" ಅಂದರೆ ಅದೂ ನಿಜವೇ.

ಉಪವಾಸ ಇದ್ದೇನೆ ಅಂತ ಯಾರಿಗೂ ಹೇಳಬಾರದಾ?

ಮನೆಯವರು ತಟ್ಟೆ ಇಟ್ಟು ಕರೆದಾಗ ಸುಳ್ಳು ಹೇಳಬೇಕಾಗಿಲ್ಲ, "ಇವತ್ತು ಉಪವಾಸ" ಅನ್ನಿ. ತಲೆಗೆ ಎಣ್ಣೆ ಹಚ್ಚಿ, ಮುಖ ತೊಳೆದುಕೊಂಡು ಎಂದಿನ ಹಾಗೆ ಇರಿ ಅಂತ ಯೇಸುಸ್ವಾಮಿ ಹೇಳಿದ್ದು ನರಳುವ ಮುಖ ಹೊತ್ತು ತಿರುಗಬೇಡಿ ಅನ್ನುವುದಕ್ಕೆ. ಇನ್ನೊಂದು ಮಾತು ಯೆಶಾಯ 58ರಲ್ಲಿ ಇದೆ: ಉಪವಾಸದ ದಿನವೇ ಜಗಳ ಆಡುತ್ತೀರಿ, ಕೆಲಸದವರನ್ನು ಹಿಂಡುತ್ತೀರಿ. ನಿಮ್ಮ ಕೈಕೆಳಗೆ ಕೆಲಸ ಮಾಡುವವರ ಸಂಬಳ ಬಾಕಿ ಇದ್ದರೆ ಮೊದಲು ಅದನ್ನು ಕೊಡಿ. ಊಟ ಆಮೇಲೆ ಬೇಕಾದರೆ ಬಿಡಬಹುದು.

ಕೆಲಸದ ಜಾಗದಲ್ಲಿ ವಿಶ್ವಾಸ ಹೇಗೆ ಕಾಣಿಸಬೇಕು? ಮೇಜಿನ ಮೇಲೆ ವಚನ ಇಟ್ಟುಕೊಳ್ಳಲಾ?

ಇಟ್ಟುಕೊಳ್ಳಿ, ಅಡ್ಡಿಯಿಲ್ಲ. ಆದರೆ ಸುಳ್ಳು ಬಿಲ್ಲಿಗೆ ಸಹಿ ಹಾಕುವಾಗ ಆ ವಚನ ನಿಮ್ಮನ್ನೇ ನೋಡುತ್ತಿರುತ್ತದೆ. ಜೊತೆಯವರು ಗಮನಿಸುವುದು ಬೇರೆ ವಿಷಯಗಳನ್ನು. ಬೇರೆಯವರ ಕೆಲಸಕ್ಕೆ ನಿಮ್ಮ ಹೆಸರು ಹಾಕಿಕೊಂಡಿರಾ? ತಪ್ಪು ನಿಮ್ಮದಾದಾಗ ಕೆಳಗಿನವರ ಮೇಲೆ ಹಾಕಿದಿರಾ? ಕಸ ಗುಡಿಸುವವರನ್ನು ಹೇಗೆ ಕರೆಯುತ್ತೀರಿ?

17ನೇ ಶತಮಾನದಲ್ಲಿ ಪ್ಯಾರಿಸ್ಸಿನ ಒಂದು ಮಠದಲ್ಲಿ ಬ್ರದರ್ ಲಾರೆನ್ಸ್ ಅಂತ ಒಬ್ಬರಿದ್ದರು. ಗುರುಪಟ್ಟ ಆದವರಲ್ಲ, ಅಡುಗೆಮನೆಯ ಕೆಲಸದವರು. ಆ ಕೆಲಸ ಅವರಿಗೆ ಸ್ವಭಾವಕ್ಕೆ ಒಗ್ಗಿದ್ದೂ ಅಲ್ಲ. ಪಾತ್ರೆಗಳ ಗಲಾಟೆಯ ನಡುವೆಯೂ ದೇವರ ಜೊತೆ ಮಾತಾಡುತ್ತಾ ಇರುವುದನ್ನು ವರ್ಷಗಟ್ಟಲೆ ರೂಢಿ ಮಾಡಿಕೊಂಡರು. 1691ರಲ್ಲಿ ತೀರಿಕೊಂಡರು. ನೋಡುವವರಿಗೆ ಅದು ಅಡುಗೆ, ಪಾತ್ರೆ, ಅಷ್ಟೇ.

ಅಂದಹಾಗೆ, "ಸುವಾರ್ತೆ ಸಾರಿ, ಬೇಕಾದರೆ ಮಾತು ಬಳಸಿ" ಅನ್ನುವ ಮಾತನ್ನು ಅಸ್ಸಿಸಿಯ ಸಂತ ಫ್ರಾನ್ಸಿಸ್ಸರ ಹೆಸರಿನಲ್ಲಿ ಹೇಳುತ್ತಾರೆ. ಅವರ ಬರಹಗಳಲ್ಲಿ ಅದು ಎಲ್ಲೂ ಇಲ್ಲ. ಅವರು ಊರೂರು ಸುತ್ತಿ ಬಾಯಿ ತುಂಬಾ ಸಾರಿದವರು. ಬದುಕು ಚೆನ್ನಾಗಿದ್ದರೆ ಕ್ರಿಸ್ತನ ಹೆಸರು ಹೇಳುವುದೇ ಬೇಡ ಅಂತ ತಪ್ಪಿಸಿಕೊಳ್ಳಲು ಆ ಮಾತನ್ನು ಬಳಸಬಾರದು. ಕೇಳಿದವರಿಗೆ ಹೇಳಿ, ನಯವಾಗಿ ಹೇಳಿ.

ಸೋಶಿಯಲ್ ಮೀಡಿಯಾದಲ್ಲಿ ವಚನ, ಸೇವೆಯ ಫೋಟೋ ಹಾಕುವುದು ತಪ್ಪಾ?

ವಚನ ಹಾಕಿ. ಸೇವೆಯ ಫೋಟೋ ವಿಷಯದಲ್ಲಿ ನಾನು ಕಟ್ಟುನಿಟ್ಟು. ಸಹಾಯ ಪಡೆಯುವವರ ಮುಖ ಹಾಕಬೇಡಿ. ಆ ಕೈ ಚಾಚಿದ ಹೊತ್ತು ಅವರ ಬದುಕಿನ ಕಷ್ಟದ ಹೊತ್ತು, ಅದು ನಮ್ಮ ಸಾಕ್ಷಿಗೆ ಬಳಸುವ ಸಾಮಾನಲ್ಲ.

ಸಭೆಯಲ್ಲಿ ಬೇರೆಯವರು ನಟಿಸುವುದನ್ನು ನೋಡಿ ಸಾಕಾಗಿದೆ. ಬಿಟ್ಟುಬಿಡಲಾ?

ನಿಮ್ಮ ನೋವು ಸುಳ್ಳಲ್ಲ. ಆಮೋಸ 5ರಲ್ಲಿ ದೇವರೇ ನಿಮ್ಮ ಹಾಡುಗಳ ಗದ್ದಲ ನನ್ನಿಂದ ತೊಲಗಿಸಿ, ನ್ಯಾಯ ನೀರಿನ ಹಾಗೆ ಹರಿಯಲಿ ಅನ್ನುತ್ತಾರೆ. ನಿಮಗಿಂತ ಮೊದಲು ಅವರಿಗೆ ಸಾಕಾಗಿದೆ.

ಆದರೂ ಲೂಕ 18ರ ಆ ಪ್ರಾರ್ಥನೆ ನೆನಪಿರಲಿ. "ಆ ಸುಂಕದವನ ಹಾಗೆ ನಾನಿಲ್ಲ, ಸ್ತೋತ್ರ" ಅಂದ ಫರಿಸಾಯನ (ಧರ್ಮದ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಯೆಹೂದ್ಯ ಪಂಥದವನು) ಬದಲು "ಆ ಫರಿಸಾಯನ ಹಾಗೆ ನಾನಿಲ್ಲ, ಸ್ತೋತ್ರ" ಅನ್ನುವುದು ತುಂಬಾ ಸುಲಭ. ನಾನು ಒಂದಿಡೀ ವರ್ಷ ಹಾಗೆ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಯಾರು ನಿಜ, ಯಾರು ನಾಟಕ ಅಂತ ಎಣಿಸುತ್ತಿದ್ದೆ. ಆ ವರ್ಷ ನಾನು ಒಂದು ಹಾಡನ್ನೂ ಮನಸ್ಸಿಟ್ಟು ಹಾಡಲಿಲ್ಲ. ಸಭೆಯಲ್ಲಿ ಒಬ್ಬರಾದರೂ ಸುಳ್ಳಿಲ್ಲದೆ ಬದುಕುವವರು ಇರುತ್ತಾರೆ, ಸಾಮಾನ್ಯವಾಗಿ ಮೈಕಿನಿಂದ ದೂರದಲ್ಲಿ ಇರುತ್ತಾರೆ. ಅವರ ಪಕ್ಕ ಕೂತುಕೊಳ್ಳಿ.

ಇದು ಸಣ್ಣಪುಟ್ಟ ಕಪಟದ ಮಾತು. ಮಕ್ಕಳಿಗೆ, ಹೆಂಗಸರಿಗೆ ಕಿರುಕುಳ ಆಗಿದ್ದರೆ, ದುಡ್ಡು ನುಂಗಿದ್ದರೆ, ಅದನ್ನು "ಸಭೆಯ ಹೆಸರು ಕೆಡುತ್ತದೆ" ಅಂತ ಮುಚ್ಚಿಡಲು ಯಾರೇ ಹೇಳಿದರೂ ಕೇಳಬೇಡಿ. ಪೊಲೀಸರಿಗೆ ಹೇಳಿ. ನೊಂದವರ ಜೊತೆ ನಿಲ್ಲಿ. ಸುಣ್ಣ ಬಳಿದ ಸಮಾಧಿ ಅಂತ ಯೇಸುಸ್ವಾಮಿ ಹೇಳಿದ್ದು ಇಂಥದ್ದಕ್ಕೇ. ಅಂಥ ಜಾಗ ಬಿಟ್ಟು ಬೇರೆ ಸಭೆಗೆ ಹೋದರೆ ಕ್ರಿಸ್ತನನ್ನು ಬಿಟ್ಟ ಹಾಗೆ ಆಗುವುದಿಲ್ಲ.

ನಾನೇ ಸಭೆ ನಡೆಸುವವನು. ಒಳಗೆ ಬರಿದಾಗಿದ್ದೇನೆ. ಯಾರಿಗೆ ಹೇಳಲಿ?

ನಿಮ್ಮ ಸಭೆಯ ಹೊರಗಿನ ಇನ್ನೊಬ್ಬ ಹಿರಿಯ ಸೇವಕರಿಗೆ, ಈ ವಾರವೇ. ಕೆಲವು ಭಾನುವಾರ ಬೇರೆಯವರು ಪ್ರಸಂಗ ಮಾಡಲಿ. ನೀವು ಕೆಳಗೆ ಕೂತು ಕೇಳಿ. ನಿಮ್ಮ ಮೇಲೆ ಜನ ಹೊರಿಸಿದ ಭಾರವೂ ಇದೆ, ಅದನ್ನೂ ಹೇಳಬೇಕು. ಪಾಸ್ಟರ್ ಅಥವಾ ಗುರುಗಳಿಗೆ ದುಃಖ, ಸಂದೇಹ, ಸುಸ್ತು ಬರಲೇಬಾರದು ಅಂತ ನಾವು ಬಯಸಿದರೆ ಅವರು ಬರಲಿಲ್ಲ ಅಂತ ತೋರಿಸಲು ಕಲಿಯುತ್ತಾರೆ. ಅದರಲ್ಲಿ ನಮ್ಮ ಪಾಲೂ ಇದೆ.

ಮನೆಯವರ ಮುಂದೆ ಹೇಗೆ? ಅವರಿಗೆ ಎಲ್ಲ ಗೊತ್ತಲ್ಲ.

ಹೌದು, ಅವರಿಗೆ ಎಲ್ಲ ಗೊತ್ತು. ಮಾರ್ಕ 7ರಲ್ಲಿ ಯೇಸುಸ್ವಾಮಿ ಒಂದು ಪದ್ಧತಿಯನ್ನು ಎತ್ತಿ ತೋರಿಸುತ್ತಾರೆ, "ಕೊರ್ಬಾನ್". ಅಪ್ಪ ಅಮ್ಮನಿಗೆ ಕೊಡಬೇಕಾದದ್ದನ್ನು "ಇದು ದೇವರಿಗೆ ಮೀಸಲು" ಅಂದುಬಿಟ್ಟರೆ ಮುಗಿಯಿತು, ಹೆತ್ತವರನ್ನು ನೋಡಿಕೊಳ್ಳಬೇಕಾಗಿಲ್ಲ. ದೇವರ ಹೆಸರಿನಲ್ಲೇ ಮನೆಯವರಿಗೆ ಮೋಸ. ಸೇವೆ ಸೇವೆ ಅಂತ ವಾರವೆಲ್ಲ ಹೊರಗಿದ್ದು ಕಾಯಿಲೆಯ ತಾಯಿಯ ಪಕ್ಕ ಅರ್ಧ ಗಂಟೆ ಕೂರದ ನಮಗೂ ಅದು ತಾಗುತ್ತದೆ.

ಒಂದು ಭಾನುವಾರದ ಬೆಳಿಗ್ಗೆ ಹೇಳುತ್ತೇನೆ. ತಡವಾಗಿತ್ತು. ಮಗಳ ಒಂದು ಶೂ ಸಿಗುತ್ತಿರಲಿಲ್ಲ. ಮನೆಯಿಂದ ಚರ್ಚಿನ ಗೇಟಿನವರೆಗೂ ನಾನು ಅವಳನ್ನು ಬೈಯುತ್ತಲೇ ಇದ್ದೆ, ಬೈಯಬಾರದ ಮಾತನ್ನೂ ಬೈದೆ. ಗೇಟಿನಲ್ಲಿ ಒಬ್ಬ ಆಂಟಿ ಎದುರಾಗಿ "ಎಲ್ಲ ಚೆನ್ನಾಗಿದ್ದೀರಾ?" ಅಂದರು. ನಾನು ನಕ್ಕು "ಕರ್ತನ ಕೃಪೆ ಆಂಟಿ, ಚೆನ್ನಾಗಿದ್ದೀವಿ" ಅಂದೆ. ನನ್ನ ದನಿಯೇ ಬದಲಾಗಿತ್ತು. ಪಕ್ಕದಲ್ಲಿ ಮಗಳು ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಾ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಆಗ ಏಳು ವರ್ಷ. ಏನೂ ಹೇಳಲಿಲ್ಲ. ಆ ನೋಟ ನಾನು ಮರೆತಿಲ್ಲ.

ಆ ರಾತ್ರಿ ಅವಳ ಹಾಸಿಗೆಯ ಪಕ್ಕ ಕೂತು, "ಬೆಳಿಗ್ಗೆ ನಾನು ನಿನ್ನ ಹತ್ತಿರ ಮಾತಾಡಿದ್ದು ತಪ್ಪು. ಆಂಟಿ ಹತ್ತಿರ ಚೆನ್ನಾಗಿದ್ದೀವಿ ಅಂದದ್ದೂ ಸುಳ್ಳು" ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಂಟಿಗೂ ಹೇಳ್ತೀಯಾಮ್ಮಾ?" ಅಂತ ಕೇಳಿದಳು. ಮುಂದಿನ ಭಾನುವಾರ ಹೇಳಿದೆ. ಆಂಟಿ ನನ್ನ ಕೈ ಹಿಡಿದುಕೊಂಡು, ತಮ್ಮ ಮಕ್ಕಳು ಚಿಕ್ಕವರಿದ್ದಾಗ ತಾವೂ ದಾರಿಯುದ್ದಕ್ಕೂ ಬೈಯುತ್ತಲೇ ಬರುತ್ತಿದ್ದದ್ದನ್ನು ಹೇಳಿದರು. ಆ ಚರ್ಚಿಗೆ ಒಂಬತ್ತು ವರ್ಷದಿಂದ ಹೋಗುತ್ತಿದ್ದೆವು. ನಾವಿಬ್ಬರೂ ನಿಜ ಮಾತಾಡಿದ್ದು ಅದೇ ಮೊದಲು.

ಇವತ್ತೇ ಶುರು ಮಾಡಬೇಕು ಅಂದರೆ ಎಲ್ಲಿಂದ?

ಕೋಣೆಯಿಂದ. ಬಾಗಿಲು ಹಾಕಿ, ಐದು ನಿಮಿಷ. ಚಂದದ ಮಾತು ಹುಡುಕಬೇಡಿ. ಇವತ್ತು ಯಾರಿಗೆ ಏನನ್ನು ತೋರಿಸಲು ಹೊರಟಿದ್ದೆ ಅನ್ನುವುದನ್ನು ಮಾತ್ರ ಹೇಳಿ. ಹೇಳುವಾಗ ಯಾರದ್ದಾದರೂ ಮುಖ ನೆನಪಿಗೆ ಬಂದರೆ, ಕಾಣಿಕೆಯನ್ನು ಬಲಿಪೀಠದ ಮುಂದೆ ಬಿಟ್ಟು ಮೊದಲು ಹೋಗಿ ಸಹೋದರನ ಜೊತೆ ಒಂದಾಗು ಅನ್ನುವ ಮಾತಿದೆಯಲ್ಲ (ಮತ್ತಾಯ 5:24), ಪ್ರಾರ್ಥನೆ ಅಲ್ಲಿಗೆ ನಿಲ್ಲಿಸಿ ಅವರಿಗೆ ಫೋನ್ ಮಾಡಿ. ಉಳಿದ ಪ್ರಾರ್ಥನೆ ಬಂದು ಮಾಡಬಹುದು.